ಸೀಸ, ತವರ ಮತ್ತು ಕಾನೂನು: ಬೆಸುಗೆ ಹಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಳ್ಳುವ ವಿದ್ಯಾರ್ಥಿಗಳೂ ಪೀಣ್ಯದ ಶೆಡ್ಡಿನಲ್ಲಿ ನಾಲ್ಕು ಜನರನ್ನಿಟ್ಟುಕೊಂಡು ವಿದ್ಯುನ್ಮಾನ ಬೋರ್ಡು ಜೋಡಿಸುವವರೂ ನನ್ನನ್ನು ಕೇಳುತ್ತ ಬಂದಿರುವ ಪ್ರಶ್ನೆಗಳಿವು. ನಾನು ವಕೀಲನಲ್ಲ. ಸಣ್ಣ ಅಳತೆ ಉಪಕರಣಗಳನ್ನು ಮಾಡಿ ಮಾರುವವನು. ಬೆಸುಗೆ ಹಾಕಿ, ಕಿತ್ತು, ಮತ್ತೆ ಹಾಕಿ ಕಲಿತವನು. ಬೆಸುಗೆ ಎಂದರೆ ಇಲ್ಲಿ ಸೋಲ್ಡರ್: ಬಿಡಿಭಾಗಗಳನ್ನು ಬೋರ್ಡಿಗೆ ಕೂಡಿಸಲು ಕರಗಿಸುವ ಲೋಹ.

ಬಿಡಿಭಾಗದ ಪ್ರತಿ ಪ್ಯಾಕೆಟ್ಟಿನ ಮೇಲೂ ‘ರೋಹ್ಸ್’ ಎಂದು ಬರೆದಿರುತ್ತದೆ. ಏನದು?

ವಿದ್ಯುನ್ಮಾನ ಸರಕುಗಳಲ್ಲಿ ಅಪಾಯಕಾರಿ ವಸ್ತುಗಳ ಬಳಕೆಗೆ ಮಿತಿ ಹಾಕುವ ಯುರೋಪಿಯನ್ ಒಕ್ಕೂಟದ ಕಾನೂನು. ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಹಾಗೆ ಕರೆಯುತ್ತಾರೆ. 2006ರ ಜುಲೈ 1ರಂದು ಜಾರಿಗೆ ಬಂದಾಗ ಅದರ ಪಟ್ಟಿಯಲ್ಲಿ ಆರು ಹೆಸರುಗಳಿದ್ದವು: ಸೀಸ, ಪಾದರಸ, ಕ್ಯಾಡ್ಮಿಯಂ, ಹೆಕ್ಸಾವೇಲೆಂಟ್ ಕ್ರೋಮಿಯಂ, ಜೊತೆಗೆ ಪ್ಲಾಸ್ಟಿಕ್ಕಿಗೆ ಬೇಗ ಬೆಂಕಿ ಹತ್ತದಿರಲೆಂದು ಬೆರೆಸುತ್ತಿದ್ದ ಪಿಬಿಬಿ ಮತ್ತು ಪಿಬಿಡಿಇ ಎಂಬ ಎರಡು ಬ್ರೋಮಿನ್ ಸಂಯುಕ್ತಗಳ ಗುಂಪು. 2011ರಲ್ಲಿ ಕಾನೂನನ್ನು ಹೊಸದಾಗಿ ಬರೆದರು. 2019ರ ಜುಲೈ 22ರಿಂದ ನಾಲ್ಕು ಥ್ಯಾಲೇಟುಗಳು ಸೇರಿ ಪಟ್ಟಿ ಹತ್ತಕ್ಕೇರಿತು. ಪಿವಿಸಿ ವೈರಿನ ಹೊದಿಕೆ ಮೃದುವಾಗಿ ಬಾಗುವುದು ಥ್ಯಾಲೇಟುಗಳಿಂದ.

ನಿಮ್ಮ ಜೇಬಿನ ಫೋನಿನಿಂದ ಸೀಸ ಸೋರೀತು ಎಂಬ ಭಯದಿಂದ ಹುಟ್ಟಿದ ಕಾನೂನಲ್ಲ ಇದು. ಕೆಲಸ ಮಾಡುವ ಬೋರ್ಡಿನಲ್ಲಿರುವ ಸೀಸ ತನ್ನ ಪಾಡಿಗೆ ತಾನಿರುತ್ತದೆ. ಅದೇ ಬೋರ್ಡು ಗುಜರಿ ಸೇರಿ, ಯಾರೋ ತಾಮ್ರಕ್ಕಾಗಿ ವೈರು ಸುಟ್ಟು, ಚಿನ್ನಕ್ಕಾಗಿ ಆಮ್ಲದಲ್ಲಿ ಅದ್ದಿದಾಗ ಅದು ಹೊರಗೆ ಬರುತ್ತದೆ. ದೆಹಲಿಯ ಸೀಲಂಪುರದಲ್ಲಿ, ಮೊರಾದಾಬಾದಿನಲ್ಲಿ ನಡೆಯುತ್ತ ಬಂದಿರುವ ಕೆಲಸ ಅದು. ಬೋರ್ಡು ಹುಟ್ಟುವಾಗಲೇ ಅದರ ಸಾವನ್ನು ಯೋಚಿಸಿ ಎನ್ನುತ್ತದೆ ಈ ಕಾನೂನು. ಇದೊಂದನ್ನು ನೆನಪಿಟ್ಟುಕೊಂಡರೆ ಮುಂದಿನ ಅರ್ಧ ಉತ್ತರಗಳು ತಾವೇ ಹೊಳೆಯುತ್ತವೆ.

ಮನೆಯಲ್ಲಿ ಸೀಸದ ಬೆಸುಗೆ ಬಳಸಿದರೆ ಅಪರಾಧವೇ?

ಅಲ್ಲ. ರೋಹ್ಸ್ ಆಗಲಿ ನಮ್ಮ ದೇಶದ ನಿಯಮವಾಗಲಿ ನೋಡುವುದು ಮಾರುಕಟ್ಟೆಗೆ ಬಂದ ಸರಕನ್ನು, ನಿಮ್ಮ ಮೇಜನ್ನಲ್ಲ. ಮಗಳ ವಿಜ್ಞಾನ ಮೇಳಕ್ಕೆ ಮಾಡಿಕೊಟ್ಟ ನೀರಿನ ಮಟ್ಟದ ಅಲಾರಾಮಿಗೆ 60/40 ಬೆಸುಗೆ (ಶೇ 60 ತವರ, 40 ಸೀಸ) ಬಳಸಿದ್ದಕ್ಕೆ ಯಾರೂ ಬಾಗಿಲು ತಟ್ಟುವುದಿಲ್ಲ.

ಜರ್ಮನಿಯಲ್ಲೋ ನೆದರ್ಲೆಂಡ್ಸಿನಲ್ಲೋ ಇರುವ ಕನ್ನಡಿಗರಿಗೆ ಮಾತ್ರ ಬೇರೊಂದು ತೊಡಕಿದೆ. ಅಲ್ಲಿ ರೀಚ್ ಎಂಬ ಇನ್ನೊಂದು ಕಾನೂನಿನಡಿ, ಶೇ 0.3 ಅಥವಾ ಅದಕ್ಕಿಂತ ಹೆಚ್ಚು ಸೀಸವಿರುವ ಬೆಸುಗೆಯನ್ನು 2018ರ ಮಾರ್ಚ್‌ನಿಂದ ಸಾಮಾನ್ಯ ಗ್ರಾಹಕರಿಗೆ ಮಾರುವಂತಿಲ್ಲ. ಡಬ್ಬದ ಮೇಲೆ ‘ವೃತ್ತಿಪರರಿಗೆ ಮಾತ್ರ’ ಎಂದಿರುತ್ತದೆ. ಊರಿಗೆ ಬಂದವರು ಎಸ್.ಪಿ. ರಸ್ತೆಯಿಂದ ಎರಡು ರೀಲು ಕೊಂಡು ಸೂಟ್‌ಕೇಸಿನಲ್ಲಿ ತುಂಬುವುದು ಇದಕ್ಕೇ ಇರಬೇಕು.

ಹತ್ತು ಕಿಟ್ ಮಾಡಿ ಮಾರಿದರೆ?

ಯುರೋಪಿಗೆ ಮಾರಿದರೆ ನೀವು ತಯಾರಕರು, ಅಷ್ಟೇ. ಹತ್ತಾಗಲಿ ಹತ್ತು ಸಾವಿರವಾಗಲಿ, ರೋಹ್ಸ್‌ನಲ್ಲಿ ‘ಇಷ್ಟರೊಳಗಿದ್ದರೆ ಮಾಫಿ’ ಎಂಬ ಸಂಖ್ಯೆಯೇ ಇಲ್ಲ. ಸರಕು ಯುರೋಪಿನ ನಿಯಮಗಳಿಗೆ ಒಪ್ಪುತ್ತದೆ ಎಂದು ತಯಾರಕರು ಹಾಕುವ ಸಿಇ ಗುರುತಿಗೂ 2013ರ ಜನವರಿ 2ರಿಂದ ಅದನ್ನು ಜೋಡಿಸಿದ್ದಾರೆ. ಸಿಇ ಗುರುತು ಹಾಕಿದವನು ಸೀಸದ ಬಗ್ಗೆಯೂ ಮಾತು ಕೊಟ್ಟಂತೆ.

ಭಾರತದಲ್ಲಿ ಲೆಕ್ಕ ಬೇರೆ. 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಕಿರು ಉದ್ಯಮಗಳನ್ನು ಹೊರಗಿಟ್ಟಿವೆ. ಕಿರು ಉದ್ಯಮದ ಮಿತಿಯನ್ನು 2025ರ ಏಪ್ರಿಲ್‌ನಿಂದ ಎರಡೂವರೆ ಕೋಟಿ ರೂಪಾಯಿ ಹೂಡಿಕೆ, ಹತ್ತು ಕೋಟಿ ವಹಿವಾಟಿಗೆ ಏರಿಸಲಾಗಿದೆ. ಗ್ಯಾರೇಜಿನಲ್ಲಿ ಶುರುವಾದ ಬಹುತೇಕ ಅಂಗಡಿಗಳು ಇದರೊಳಗೇ ಬರುತ್ತವೆ. ಆದರೆ ಹಿಗ್ಗಬೇಡಿ. ನಿಮ್ಮ ಬೋರ್ಡನ್ನು ತಮ್ಮ ಯಂತ್ರದೊಳಗೆ ಕೂರಿಸಿ ಮಾರುವ ದೊಡ್ಡ ಕಂಪನಿಗೆ ಈ ರಿಯಾಯಿತಿ ಇಲ್ಲ. ಅವರ ಖರೀದಿ ವಿಭಾಗದಿಂದ ಬರುವ ಮೊದಲ ಮಿಂಚಂಚೆಯಲ್ಲೇ ಪ್ರಮಾಣಪತ್ರ ಕೇಳಿರುತ್ತಾರೆ. ಸರ್ಕಾರ ಬಿಟ್ಟರೂ ಗಿರಾಕಿ ಬಿಡುವುದಿಲ್ಲ.

ಮಿತಿ ಶೇ 0.1 ಎನ್ನುತ್ತಾರೆ. ಎರಡು ಕಿಲೋ ತೂಗುವ ಪೆಟ್ಟಿಗೆಯಲ್ಲಿ ಒಂದು ಚುಕ್ಕೆ ಸೀಸ ಲೆಕ್ಕಕ್ಕೆ ಬರುತ್ತದೆಯೇ?

ಬರುತ್ತದೆ. ಬಹಳ ಜನ ಎಡವುವುದು ಇಲ್ಲೇ.

ಶೇ 0.1 ಎಂದರೆ ಹತ್ತು ಲಕ್ಷ ಭಾಗದಲ್ಲಿ ಒಂದು ಸಾವಿರ. ಕ್ಯಾಡ್ಮಿಯಂಗೆ ಮಾತ್ರ ಅದರ ಹತ್ತನೇ ಒಂದು ಭಾಗ, ಶೇ 0.01. ಆದರೆ ಇದು ಇಡೀ ಪೆಟ್ಟಿಗೆಯ ತೂಕದಲ್ಲಿ ಅಲ್ಲ, ಪ್ರತಿಯೊಂದು ‘ಏಕರೂಪದ ವಸ್ತು’ವಿನ ತೂಕದಲ್ಲಿ. ಬಿಚ್ಚಿ, ಕತ್ತರಿಸಿ, ಕೆರೆದು, ತಿಕ್ಕಿ ಇನ್ನು ಬೇರೆ ಮಾಡಲಾಗದು ಎನ್ನುವಲ್ಲಿಗೆ ಬಂದಾಗ ಕೈಯಲ್ಲಿ ಉಳಿಯುವುದೇ ಏಕರೂಪದ ವಸ್ತು. ಒಂದು ವೈರನ್ನೇ ತೆಗೆದುಕೊಳ್ಳಿ: ಹೊರಗಿನ ಪ್ಲಾಸ್ಟಿಕ್ ಒಂದು, ಒಳಗಿನ ತಾಮ್ರ ಇನ್ನೊಂದು, ತಾಮ್ರದ ಮೇಲೆ ತವರದ ಲೇಪವಿದ್ದರೆ ಅದು ಮೂರನೆಯದು. ಮೂರನ್ನೂ ಪ್ರತ್ಯೇಕವಾಗಿ ತೂಗಬೇಕು. ಒಂದು ಬೆಸುಗೆಯ ಚುಕ್ಕೆಯೂ ಸ್ವತಂತ್ರ ವಸ್ತು. 63/37ರ ಚುಕ್ಕೆಯಲ್ಲಿ ಶೇ 37 ಸೀಸ. ಮಿತಿಗಿಂತ 370 ಪಟ್ಟು. ಸಾಂಬಾರಿನ ಹಂಡೆಯಲ್ಲಿ ಒಂದು ಕಲ್ಲುಪ್ಪು ಕರಗಿಹೋಗಬಹುದು, ಇಲ್ಲಿ ಉಪ್ಪಿನ ಹರಳನ್ನೇ ಎತ್ತಿ ತೂಗುತ್ತಾರೆ.

ಸೀಸವಿಲ್ಲದ ಬೆಸುಗೆ ಏಕೆ ಇಷ್ಟು ಕಾಡುತ್ತದೆ?

63/37 ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆಲೇ ಕರಗುತ್ತದೆ, ಒಮ್ಮೆಲೇ ಗಟ್ಟಿಯಾಗುತ್ತದೆ. ಸೀಸ ಬಿಟ್ಟವರ ಮುಖ್ಯ ಆಯ್ಕೆ ಎಸ್‌ಎಸಿ 305: ತವರ ಶೇ 96.5, ಬೆಳ್ಳಿ 3, ತಾಮ್ರ 0.5. ಅದು ಕರಗುವುದು 217ರಿಂದ 220 ಡಿಗ್ರಿಯಲ್ಲಿ. ಬೆಳ್ಳಿಯಿಲ್ಲದ, ಶೇ 99.3 ತವರ ಮತ್ತು 0.7 ತಾಮ್ರದ ಅಗ್ಗದ ರೀಲು 227 ಡಿಗ್ರಿ ಬೇಡುತ್ತದೆ. ಅಂತರ ಮೂವತ್ತು ನಲವತ್ತು ಡಿಗ್ರಿ ಅಷ್ಟೇ ಅನ್ನಿಸಬಹುದು. ಉಷ್ಣತೆಯ ಹಿಡಿತವಿಲ್ಲದ 25 ವ್ಯಾಟಿನ ಬೆಸುಗೆ ಐರನ್ನಿಗೆ ಅದೇ ದೊಡ್ಡ ಬೆಟ್ಟ, ಅದರಲ್ಲೂ ಬೋರ್ಡಿನ ಅಗಲವಾದ ಗ್ರೌಂಡ್ ತಾಮ್ರದ ಹಾಳೆಗೆ ಬೆಸೆಯುವಾಗ.

ಇನ್ನೊಂದು ಗೊಂದಲ ಕಣ್ಣಿನದು. ಸೀಸದ ಬೆಸುಗೆ ಸರಿಯಾಗಿ ಕೂತರೆ ಕನ್ನಡಿಯಂತೆ ಹೊಳೆಯುತ್ತದೆ. ಮಂಕಾಗಿ ಕಂಡರೆ ‘ಡ್ರೈ ಸೋಲ್ಡರ್’ (ಸರಿಯಾಗಿ ಹಿಡಿಯದ ಬೆಸುಗೆ) ಎಂದು ರಿಪೇರಿಯವರು ಮತ್ತೆ ಮುಟ್ಟುತ್ತಾರೆ. ಸೀಸರಹಿತ ಬೆಸುಗೆ ಚೆನ್ನಾಗಿ ಕೂತಾಗಲೂ ಮಂಕೇ. ಹಳೆಯ ಕಣ್ಣು ಅದನ್ನು ತಪ್ಪೆಂದು ಭಾವಿಸಿ ಮತ್ತೆ ಮತ್ತೆ ಬಿಸಿ ಮಾಡಿ ಬೋರ್ಡಿನ ಮೇಲಿನ ತಾಮ್ರದ ಪ್ಯಾಡನ್ನೇ ಕಿತ್ತುಬಿಡುತ್ತದೆ. ಹೊಳಪು ನೋಡಬೇಡಿ, ಅಂಚು ನೋಡಿ: ಲೋಹ ಪ್ಯಾಡಿನ ಮೇಲೆ ಹರಡಿ ಇಳಿಜಾರಾಗಿ ನಿಂತಿರಬೇಕು, ಕೆಸುವಿನೆಲೆಯ ಮೇಲಿನ ನೀರಿನ ಹನಿಯಂತೆ ಗುಂಡಗೆ ಕೂತಿರಬಾರದು.

ಐರನ್ನಿನ ಮೂತಿ, ಅಂದರೆ ಬಿಟ್, ಬೇಗ ಕಪ್ಪಾಗಿ ಸವೆಯುತ್ತದೆ ಎಂಬ ದೂರಂತೂ ನಿಜ. ತವರ ಹೆಚ್ಚಿದಷ್ಟೂ ಬಿಟ್ಟಿನ ಕಬ್ಬಿಣದ ಲೇಪವನ್ನು ತಿನ್ನುತ್ತದೆ. ಕೆಲಸ ಮುಗಿದ ಮೇಲೆ ಬಿಟ್ಟಿನ ತುದಿಗೆ ಹೊಸ ಬೆಸುಗೆ ಹಚ್ಚಿ ಆರಿಸಿಡಿ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಮಾಡುವುದೂ ಇದನ್ನೇ: ಬಿಸಿ ಮಾಡು, ನವಸಾಗರ ಎರಚು, ತವರ ಸವರು. ಲೋಹದ ಮೇಲಿನ ಕಿಲುಬು ತೆಗೆದು ತವರ ಹರಿಯುವಂತೆ ಮಾಡುವ ವಸ್ತು ಫ್ಲಕ್ಸ್; ನವಸಾಗರವೇ ಅವರ ಫ್ಲಕ್ಸ್. ಕರಿಕಟ್ಟಿದ ಬಿಟ್ಟನ್ನು ತಿಕ್ಕಲು ಅಂಗಡಿಯಲ್ಲಿ ಸಿಗುವ ಬಿಳಿ ಗಟ್ಟಿಯೂ ಅದೇ ನವಸಾಗರ. ಕಲಾಯಿಗೆ ಸೀಸ ಬೆರೆತ ತವರ ಬೇಡ, ಶುದ್ಧ ತವರವೇ ಬೇಕು ಎಂದು ಪಟ್ಟು ಹಿಡಿಯುತ್ತಿದ್ದ ಅಜ್ಜಿಯರು ಈ ವಿಷಯದಲ್ಲಿ ಬ್ರಸೆಲ್ಸ್‌ನ ಯುರೋಪಿಯನ್ ಒಕ್ಕೂಟದವರಿಗಿಂತ ಮುಂದಿದ್ದರು.

ಸೀಸವಿಲ್ಲದ ಬೆಸುಗೆಯ ಹೊಗೆ ಕುಡಿದರೆ ತೊಂದರೆಯಿಲ್ಲ ತಾನೆ?

ಇದೆ. ಹೊಗೆ ಬರುವುದು ಸೀಸದಿಂದಲ್ಲ. ಸೀಸ ಕುದಿಯಲು 1749 ಡಿಗ್ರಿ ಬೇಕು, ನಿಮ್ಮ ಐರನ್ ಅದರ ಹತ್ತಿರವೂ ಸುಳಿಯುವುದಿಲ್ಲ. ಮೇಲೇಳುವುದು ಫ್ಲಕ್ಸಿನ ಹೊಗೆ, ಬಹುತೇಕ ಪೈನ್ ಮರದ ರಾಳದ್ದು. ದಿನವೂ ಎಳೆದುಕೊಂಡರೆ ಅಸ್ತಮಾ ತರಬಲ್ಲದು. ಸೀಸರಹಿತ ರೀಲುಗಳು ಹೆಚ್ಚು ಶಾಖ ಬೇಡುವುದರಿಂದ ಕೆಲವೊಮ್ಮೆ ಹೊಗೆ ಇನ್ನೂ ಜಾಸ್ತಿ. ಕಂಪ್ಯೂಟರಿನ ಹಳೆಯ ಫ್ಯಾನೊಂದನ್ನು ಕಿಟಕಿಯ ಕಡೆಗೆ ತಿರುಗಿಸಿಟ್ಟರೂ ಸಾಕು.

ಸೀಸ ದೇಹ ಸೇರುವುದು ಬೆರಳಿನಿಂದ ಬಾಯಿಗೆ. ಬೆಸುಗೆಯ ತಂತಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವ ಮೆಕ್ಯಾನಿಕ್‌ಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗೆ ಮಾಡಬೇಡಿ. ಬೆಸೆಯುವ ಮೇಜಿನ ಮೇಲೆ ಮಂಡಕ್ಕಿ ತಿನ್ನಬೇಡಿ, ಎದ್ದ ಕೂಡಲೇ ಸೋಪು ಹಚ್ಚಿ ಕೈ ತೊಳೆಯಿರಿ. ಮನೆಯಲ್ಲಿ ತೆವಳುವ ಮಗುವಿದ್ದರೆ ಮೇಜಿನ ಕೆಳಗೆ ಬಿದ್ದ ಚೂರುಗಳನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಎರಡೂ ಬಗೆಯ ಬೆಸುಗೆಯನ್ನು ಬೆರೆಸಬಹುದೇ?

ಸೀಸರಹಿತ ಬೋರ್ಡಿನಲ್ಲಿ ಬಿಡಿಭಾಗದ ಒಂದು ಕಾಲನ್ನು 63/37ರಿಂದ ರಿಪೇರಿ ಮಾಡಿದರೆ ಅದು ಹಿಡಿಯುತ್ತದೆ. ಹವ್ಯಾಸಿಗೆ ಅಷ್ಟು ಸಾಕು. ಕಾಲುಗಳ ಬದಲು ಹೊಟ್ಟೆಯಡಿ ಬೆಸುಗೆಯ ಗೋಲಿಗಳಿರುವ ಬಿಜಿಎ ಚಿಪ್ಪಿನಲ್ಲಿ ಮಾತ್ರ, ಗೋಲಿ ಪೂರ್ತಿ ಕರಗದೆ ಕೆಳಗೆ ಬಳಿದ ಬೆಸುಗೆಯ ಪೇಸ್ಟ್ ಮಾತ್ರ ಕರಗಿದರೆ ಜೋಡಣೆ ಅರೆಬರೆಯಾಗುತ್ತದೆ.

ನಿಜವಾದ ಬಲೆ ಬಿಸ್ಮತ್ ಎಂಬ ಲೋಹದ್ದು. 138 ಡಿಗ್ರಿಯಲ್ಲೇ ಕರಗುವ ತವರ-ಬಿಸ್ಮತ್ ಪೇಸ್ಟ್ ಈಗ ಜನಪ್ರಿಯ. ಹಳೆಯ ಸೀಸದ ಪ್ಯಾಡಿನ ಮೇಲೆ ಅದನ್ನು ಹಾಕಿದರೆ ಮೂರೂ ಲೋಹ ಸೇರಿ 96 ಡಿಗ್ರಿಯಲ್ಲೇ ಕರಗುವ ಮಿಶ್ರಣವೊಂದು ಹುಟ್ಟಿಕೊಳ್ಳಬಲ್ಲದು. ಬಿಸಿಯಾಗುವ ರೆಗ್ಯುಲೇಟರಿನ ಪಕ್ಕದಲ್ಲಿ ಅಂಥ ಜೋಡಣೆಯಿದ್ದರೆ ಬೇಸಿಗೆಯ ಮಧ್ಯಾಹ್ನ ಬಿಡಿಭಾಗ ತಾನಾಗಿಯೇ ಕಳಚಿ ಬೀಳಬಹುದು. ಮೊದಲು ಹಳೆಯ ಬೆಸುಗೆಯನ್ನು ತಾಮ್ರದ ಬತ್ತಿಯಿಂದ ಪೂರ್ತಿ ಹೀರಿ ತೆಗೆಯಿರಿ.

‘ತವರದ ಮೀಸೆ’ ಎಂಬುದು ನಿಜವೇ, ಸೀಸದ ಪಕ್ಷದವರು ಕಟ್ಟಿದ ಕಥೆಯೇ?

ನಿಜ. ಶುದ್ಧ ತವರದ ಲೇಪದಿಂದ ಕೂದಲಿಗಿಂತ ಎಷ್ಟೋ ತೆಳುವಾದ ಲೋಹದ ಎಳೆಗಳು ತಾವಾಗಿಯೇ ಬೆಳೆಯುತ್ತವೆ, ಕೆಲವು ಮಿಲಿಮೀಟರಿನಷ್ಟು ಉದ್ದಕ್ಕೆ. ಪಕ್ಕದ ಕಾಲನ್ನು ಮುಟ್ಟಿದರೆ ಶಾರ್ಟ್. ತವರಕ್ಕೆ ಸ್ವಲ್ಪ ಸೀಸ ಬೆರೆಸಿದರೆ ಈ ಬೆಳೆ ನಿಲ್ಲುತ್ತದೆ ಎಂದು 1950ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಕಂಡುಕೊಂಡರು; ಉದ್ಯಮ ಅದನ್ನು ಪಾಲಿಸಿಕೊಂಡು ಬಂತು. 1998ರ ಮೇ ತಿಂಗಳಲ್ಲಿ ಗ್ಯಾಲಕ್ಸಿ 4 ಎಂಬ ಸಂಪರ್ಕ ಉಪಗ್ರಹ ಕೈಕೊಟ್ಟು ಅಮೆರಿಕದ ಬಹುಪಾಲು ಪೇಜರುಗಳು ಮೂಕವಾದವು. ಅದರ ನಿಯಂತ್ರಣ ಕಂಪ್ಯೂಟರನ್ನು ಕೊಂದದ್ದು ತವರದ ಮೀಸೆ ಎಂದೇ ಹೇಳಲಾಗಿದೆ. ಸೀಸ ಹೋದ ಮೇಲೆ ಮೀಸೆ ಮರಳಿ ಬಂತು. ಲೇಪದ ಕೆಳಗೆ ನಿಕ್ಕಲ್ ಪದರ ಹಾಕಿ, ಮೇಲೆ ವಾರ್ನಿಷಿನಂಥ ಹೊದಿಕೆ ಬಳಿದು ಅದನ್ನು ತಡೆಯುತ್ತಾರೆ. ಕ್ಷಿಪಣಿ ಮತ್ತು ಬಾಹ್ಯಾಕಾಶ ಉಪಕರಣಗಳನ್ನು ರೋಹ್ಸ್ ಮೊದಲೇ ಹೊರಗಿಟ್ಟಿದೆ, ಅಲ್ಲಿ ಇಂದಿಗೂ ಸೀಸಕ್ಕೆ ಗೌರವವಿದೆ.

ಮನೆಯ ರೇಡಿಯೊಗೆ ಇದರಿಂದ ನಿದ್ದೆಗೆಡಬೇಕಿಲ್ಲ.

ಬೆಳಕನ್ನು ಗುರುತಿಸುವ ಎಲ್‌ಡಿಆರ್ ಬಳಸಬಹುದೇ? ಡಬ್ಬದಲ್ಲಿರುವ ಹಳೆಯ ಬಿಡಿಭಾಗಗಳ ಗತಿ?

ಬೀದಿದೀಪದ ಪ್ರಾಜೆಕ್ಟ್ ಮಾಡದ ಡಿಪ್ಲೊಮಾ ವಿದ್ಯಾರ್ಥಿ ನಮ್ಮಲ್ಲಿಲ್ಲ, ಅದರ ಜೀವವೇ ಎಲ್‌ಡಿಆರ್. ಅದರ ಮೈಮೇಲಿನ ಹಾವಿನಂಥ ಪಟ್ಟೆ ಸಾಮಾನ್ಯವಾಗಿ ಕ್ಯಾಡ್ಮಿಯಂ ಸಲ್ಫೈಡ್. ಅಂದರೆ ಆ ಪದರದ ಬಹುಪಾಲು ಕ್ಯಾಡ್ಮಿಯಂ. ಕಲಿಯಲು ಬಳಸಿ. ಯುರೋಪಿಗೆ ಕಳುಹಿಸುವ ಸರಕಿನಲ್ಲಿ ಬೇಡ, ಅದೇ ಕೆಲಸಕ್ಕೆ ಫೋಟೊಟ್ರಾನ್ಸಿಸ್ಟರ್ ಹಾಕಿ. ಓರೆಯಾದಾಗ ಕೆಲಸ ಮಾಡುವ ಪಾದರಸದ ಟಿಲ್ಟ್ ಸ್ವಿಚ್ಚಿಗೂ ಇದೇ ಮಾತು: ಗೋಲಿ ಇರುವ ಸ್ವಿಚ್ ಸಿಗುತ್ತದೆ. ಗಾಜಿನ ಹಳೆಯ ಸ್ವಿಚ್ಚನ್ನು ಒಡೆದು ಮಕ್ಕಳಿಗೆ ‘ಬೆಳ್ಳಿ ನೀರು’ ತೋರಿಸುವ ಆಸೆಯನ್ನು ದಯವಿಟ್ಟು ಅದುಮಿಡಿ.

ಹಳೆಯ ಯಂತ್ರದ ರಿಪೇರಿಗೆ ಕಾನೂನು ಮೆತ್ತಗಿದೆ. ಯುರೋಪಿನಲ್ಲಿ 2006ರ ಜುಲೈಗೆ ಮೊದಲು ಮಾರುಕಟ್ಟೆಗೆ ಬಂದದ್ದನ್ನು ಹಳೆಯ ಬಗೆಯ ಭಾಗಗಳಿಂದಲೇ ದುರಸ್ತಿ ಮಾಡಬಹುದು. ನಮ್ಮಲ್ಲಿ ಆ ಗೆರೆ 2014ರ ಮೇ 1. ಮಿತಿಯೊಳಗಿರುವ ಭಾಗ ಸಿಗದಿದ್ದರೆ ಹಳೆಯದಕ್ಕೆ ಅವಕಾಶವಿದೆ.

ಸಣ್ಣ ತಯಾರಕ ಏನೇನು ಕಾಗದ ಇಟ್ಟುಕೊಳ್ಳಬೇಕು?

ಪ್ರತಿ ಬಿಡಿಭಾಗಕ್ಕೂ ಅದರ ತಯಾರಕರ ಘೋಷಣೆ, ಯಾವ ಬ್ಯಾಚಿಗೆ ಯಾವ ಬೆಸುಗೆ ಮತ್ತು ಯಾವ ಬೋರ್ಡು ಬಳಸಿದಿರಿ ಎಂಬ ದಾಖಲೆ, ಅನುಮಾನವಿದ್ದಲ್ಲಿ ಪರೀಕ್ಷೆಯ ವರದಿ. ಯುರೋಪಿಗೆ ಮಾರುವವರು ಕಡತವನ್ನು ಹತ್ತು ವರ್ಷ ಕಾಯ್ದಿಡಬೇಕು. ಎಲ್ಲವನ್ನೂ ಲ್ಯಾಬಿಗೆ ಕಳುಹಿಸುವ ಅಗತ್ಯವಿಲ್ಲ. ಎಲ್ಲಿ ಅಪಾಯವೋ ಅಲ್ಲಿ ಕಣ್ಣಿಡಿ ಎಂಬುದೇ ಈ ಕಡತಕ್ಕೆಂದಿರುವ ಅಂತರರಾಷ್ಟ್ರೀಯ ಮಾನಕ ಐಇಸಿ 63000ದ ತಿರುಳು. ಹೆಸರಾಂತ ಕಂಪನಿಯ ರೆಸಿಸ್ಟರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹೆಸರಿಲ್ಲದ ಕೆಂಪು ವೈರು, ಬಣ್ಣ ಬಳಿದ ನಾಬು, ಹಳದಿ ಹೊಳಪಿನ ಸ್ಕ್ರೂ, ಇವುಗಳನ್ನು ನೋಡಿ. ಕೆಂಪು-ಹಳದಿ ಬಣ್ಣದಲ್ಲಿ ಕ್ಯಾಡ್ಮಿಯಂ, ಮೃದುವಾದ ಪಿವಿಸಿಯಲ್ಲಿ ಥ್ಯಾಲೇಟು, ಸ್ಕ್ರೂವಿನ ಹಳದಿ ಲೇಪದಲ್ಲಿ ಕ್ರೋಮಿಯಂ ಅಡಗಿರಬಹುದು.

ವೈರನ್ನು ಲಘುವಾಗಿ ಕಂಡವರಿಗೆ 2001ರ ಡಿಸೆಂಬರ್ ನೆನಪಿರಲಿ. ರೋಹ್ಸ್ ಇನ್ನೂ ಹುಟ್ಟಿರಲಿಲ್ಲ. ನೆದರ್ಲೆಂಡ್ಸ್ ತನ್ನದೇ ಕ್ಯಾಡ್ಮಿಯಂ ಕಾನೂನಿನಡಿ ಸೋನಿ ಕಂಪನಿಯ ಹದಿಮೂರು ಲಕ್ಷ ಪ್ಲೇಸ್ಟೇಷನ್‌ಗಳನ್ನು ಕ್ರಿಸ್‌ಮಸ್ ಹೊಸ್ತಿಲಲ್ಲಿ ತಡೆಹಿಡಿಯಿತು. ತಪ್ಪು ಆಟದ ಯಂತ್ರದ್ದಲ್ಲ, ಜೊತೆಗಿದ್ದ ಕೇಬಲಿನದು. ಪೂರೈಕೆದಾರರನ್ನು ಬೆನ್ನುಹತ್ತಿ ಪ್ರಮಾಣಪತ್ರ ಕೇಳುವ ಪದ್ಧತಿ ಉದ್ಯಮದಲ್ಲಿ ಬೇರೂರಿದ್ದಕ್ಕೆ ಈ ಪೆಟ್ಟೂ ಒಂದು ಕಾರಣ.

ನನ್ನ ಪೆಟ್ಟು ಚಿಕ್ಕದು. ನಲವತ್ತು ಬೋರ್ಡುಗಳನ್ನು ತರಿಸುವಾಗ ಲೇಪದ ಆಯ್ಕೆಯಲ್ಲಿ ಎಲ್ಲಕ್ಕಿಂತ ಅಗ್ಗದ್ದನ್ನು ಒತ್ತಿದ್ದೆ. ಅದು ಸೀಸದ ಲೇಪ. ಬೆಸುಗೆ, ಭಾಗ, ವೈರು ಎಲ್ಲವನ್ನೂ ಸೀಸರಹಿತವಾಗಿ ಆರಿಸಿದ್ದವನು ಬರಿಯ ಬೋರ್ಡಿನ ಮೈಯನ್ನೇ ಮರೆತಿದ್ದೆ. ಜರ್ಮನಿಯ ಗಿರಾಕಿ ಯಾವ ಧಾತು ಇದೆಯೆಂದು ತೋರಿಸುವ ಎಕ್ಸ್-ರೇ ಪ್ರತಿದೀಪ್ತಿ ಯಂತ್ರ ಹಿಡಿದು ನೋಡಿದಾಗ ಅರ್ಧ ನಿಮಿಷದಲ್ಲಿ ಬಣ್ಣ ಬಯಲಾಯಿತು. ಉಳಿಸಿದ್ದು ಕೆಲವು ನೂರು ರೂಪಾಯಿ, ಕಳೆದದ್ದು ನಲವತ್ತೂ ಬೋರ್ಡು. ಆ ಬೋರ್ಡುಗಳಲ್ಲಿ ಒಂದು ಈಗಲೂ ನನ್ನ ಮೇಜಿನೆದುರು ಮೊಳೆಗೆ ನೇತಾಡುತ್ತಿದೆ.

ಸೀಸರಹಿತ ಎಂದು ಬರೆದ ರೆಸಿಸ್ಟರಿನಲ್ಲೂ ಸೀಸ ಇರುತ್ತದಂತೆ!

ಇರಬಹುದು. ಪರ್ಯಾಯ ಸಿಗದ ಕಡೆಗಳಿಗೆ ವಿನಾಯಿತಿ ಕೊಟ್ಟಿದ್ದಾರೆ. ಚಿಪ್ ರೆಸಿಸ್ಟರಿನ ಗಾಜಿನಲ್ಲಿ, ಪೀಜೊ ಬಜರಿನ ಸೆರಾಮಿಕ್ಕಿನಲ್ಲಿ ಸೀಸಕ್ಕೆ ವಿನಾಯಿತಿಯಿದೆ. ಹಿತ್ತಾಳೆಯಂಥ ತಾಮ್ರದ ಮಿಶ್ರಲೋಹದಲ್ಲಿ ಶೇ 4ರವರೆಗೆ ಬಿಟ್ಟಿದ್ದಾರೆ. ಈ ವಿನಾಯಿತಿಗಳಿಗೆ ಅವಧಿಯುಂಟು. ಪರಿಶೀಲಿಸುತ್ತ, ಮುಂದೂಡುತ್ತ, ಕೆಲವನ್ನು ಕತ್ತರಿಸುತ್ತ ಬರುತ್ತಾರೆ. ಕಾರಿನ ಲೆಡ್-ಆಸಿಡ್ ಬ್ಯಾಟರಿಯ ತುಂಬ ಸೀಸವೇ ಇದ್ದರೂ ಅದು ಈ ಕಾನೂನಿನ ಅಂಗಳಕ್ಕೆ ಬರುವುದಿಲ್ಲ, ಬ್ಯಾಟರಿಗಳಿಗೆ ಬೇರೆ ನಿಯಮವಿದೆ.

ಭಾರತದ ನಿಯಮಕ್ಕೂ ಯುರೋಪಿನದಕ್ಕೂ ಏನು ವ್ಯತ್ಯಾಸ?

ಮಿತಿಗಳು ಒಂದೇ. ಆದರೆ ನಮ್ಮ ಪಟ್ಟಿಯಲ್ಲಿ ಮೊದಲಿನ ಆರು ವಸ್ತುಗಳೇ ಇವೆ, ಥ್ಯಾಲೇಟುಗಳಿಲ್ಲ. ‘ಭಾರತದಲ್ಲಿ ಪಾಸಾದದ್ದು ಯುರೋಪಿನಲ್ಲೂ ಪಾಸು’ ಎಂದು ನಂಬಿದ ಕೇಬಲ್ ತಯಾರಕ ಕೆಡುವುದು ಇಲ್ಲಿ. ನಮ್ಮ ನಿಯಮ ಹೆಸರಿಸಿದ 106 ಬಗೆಯ ಸರಕುಗಳಿಗೆ ಅನ್ವಯಿಸುತ್ತದೆ. ಮಾರುಕಟ್ಟೆಯಿಂದ ಮಾದರಿ ಎತ್ತಿ ಪರೀಕ್ಷಿಸುವ ಅಧಿಕಾರ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಗಿದೆ. ಮಿತಿ ಮೀರಿದರೆ ಸರಕನ್ನು ವಾಪಸು ಪಡೆಯಬೇಕು. ಪರೀಕ್ಷೆಗೆ ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿ-ಮೆಟ್‌ನಲ್ಲಿ ಇದಕ್ಕೆಂದೇ ಪ್ರಯೋಗಾಲಯವಿದೆ.

ಬೋರ್ಡಿನ ಬೇಡದ ತಾಮ್ರವನ್ನು ಕೊರೆದು ತೆಗೆಯಲು ಬಳಸಿದ ಫೆರಿಕ್ ಕ್ಲೋರೈಡ್ ದ್ರಾವಣವನ್ನು ಬಚ್ಚಲಿಗೆ ಸುರಿಯಬಹುದೇ?

ಬೇಡ. ಕೊರೆದು ಮುಗಿಯುವ ಹೊತ್ತಿಗೆ ಅದು ಬರೀ ಕಬ್ಬಿಣದ ಉಪ್ಪಲ್ಲ, ಕರಗಿದ ತಾಮ್ರದ ದ್ರಾವಣ. ಕೆರೆ ಸೇರಿದರೆ ಮೀನಿಗೂ ಪಾಚಿಗೂ ವಿಷ, ದಾರಿಯಲ್ಲಿ ನಿಮ್ಮ ಲೋಹದ ಪೈಪನ್ನೂ ತಿಂದಿರುತ್ತದೆ. ದ್ರಾವಣ ಬೇಗ ಸಾಯುವುದಿಲ್ಲ, ಪ್ಲಾಸ್ಟಿಕ್ ಕ್ಯಾನಿನಲ್ಲಿ ಮುಚ್ಚಿಟ್ಟು ಮತ್ತೆ ಮತ್ತೆ ಬಳಸಿ. ಶಕ್ತಿ ಕುಂದಿದ ಮೇಲೆ ವಾಷಿಂಗ್ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ, ನೊರೆ ಉಕ್ಕದಂತೆ ಬೆರೆಸಿದರೆ ಲೋಹಗಳು ಕೆಸರಾಗಿ ತಳಕ್ಕಿಳಿಯುತ್ತವೆ. ಆ ಕೆಸರನ್ನು ಒಣಗಿಸಿ, ಹೆಸರು ಬರೆದು, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ. ಒಂದೆರಡು ಬೋರ್ಡು ಬೇಕಾದವರು ಈಗ ಹೊರಗಿನಿಂದ ಮಾಡಿಸುವುದೇ ಅಗ್ಗ.

ಕೆಟ್ಟ ಬೋರ್ಡುಗಳನ್ನು ಗುಜರಿಯವನಿಗೆ ಹಾಕಿದರೆ ತಪ್ಪೇ?

ಅವನು ತಕ್ಕಡಿ ಹಿಡಿದು ಮನೆ ಬಾಗಿಲಿಗೆ ಬರುತ್ತಾನೆ, ಕಿಲೋಗೆ ಇಷ್ಟೆಂದು ಎಣಿಸಿ ಕೊಡುತ್ತಾನೆ. ಅಧಿಕೃತ ಮರುಬಳಕೆದಾರರು ಚೀಲವೊಂದಕ್ಕಾಗಿ ನಿಮ್ಮ ಬೀದಿಗೆ ಬರುವುದು ಅಪರೂಪ. ವ್ಯವಸ್ಥೆಯ ತೂತು ಇರುವುದು ಇಲ್ಲಿಯೇ, ಗುಜರಿಯವನನ್ನು ಬೈದು ಫಲವಿಲ್ಲ. ಆದರೂ ಅವನ ತಕ್ಕಡಿಯಿಂದ ಮುಂದೆ ಬೋರ್ಡು ಹಿಡಿಯುವ ದಾರಿ ಆಮ್ಲದ ತೊಟ್ಟಿಯದ್ದಾಗಿರಬಹುದು. ನಾನು ವರ್ಷಕ್ಕೊಮ್ಮೆ ಗೆಳೆಯರ ಚೀಲಗಳನ್ನೂ ಕೂಡಿಸಿ ನೋಂದಾಯಿತ ಮರುಬಳಕೆದಾರರಿಗೆ ಕೊಡುತ್ತೇನೆ. ದಾಬಸ್‌ಪೇಟೆಯ ಇ-ಪರಿಸರ ಎಂಬ ಕಂಪನಿ ಈ ಕೆಲಸದಲ್ಲಿ ದೇಶದಲ್ಲೇ ಮೊದಲಿಗರ ಪೈಕಿ ಒಂದು.

ಅಂಗಡಿಯಲ್ಲಿ ಕೊಂಡ ರೀಲಿನ ಮೇಲೆ ಏನೂ ಬರೆದಿಲ್ಲ. ಸೀಸ ಇದೆಯೇ ಎಂದು ತಿಳಿಯುವುದು ಹೇಗೆ?

ಉಷ್ಣತೆ ಹೊಂದಿಸಬಹುದಾದ ಐರನ್ನನ್ನು 200 ಡಿಗ್ರಿಗಿಟ್ಟು ತಂತಿ ಮುಟ್ಟಿಸಿ. ನೀರಾಗಿ ಹರಿದರೆ ಸೀಸದ್ದಿರಬೇಕು; ಸೀಸರಹಿತವಾದರೆ ಕಡ್ಡಿಯಂತೆ ಹಾಗೇ ನಿಲ್ಲುತ್ತದೆ. ಬಿಸ್ಮತ್ತಿನ ರೀಲೂ ಕರಗುತ್ತದೆ, ಆದರೆ ಅದರ ತಂತಿ ಬಾಗಿಸಿದರೆ ಪಟ್ಟನೆ ಮುರಿಯುವ ಜಾತಿ. ಕಾಗದದ ಮೇಲೆ ಉಜ್ಜಿದರೆ ಸೀಸದ ತಂತಿ ಪೆನ್ಸಿಲಿನಂತೆ ಬೂದು ಗೆರೆ ಬಿಡುತ್ತದೆ. ಮಾರುವ ಸರಕಿಗೆ ಬಳಸುವುದಾದರೆ ಈ ಯಾವ ಪರೀಕ್ಷೆಯೂ ಸಾಲದು, ಹೆಸರಿಲ್ಲದ ರೀಲನ್ನು ಕೊಳ್ಳಲೇಬೇಡಿ. ಎರಡು ಬಗೆಯ ರೀಲೂ ಇರುವ ಮೇಜಿನಲ್ಲಿ ಎರಡು ಐರನ್, ಎರಡು ಸ್ಪಂಜು ಇಡಿ. ನಾನು ಸೀಸದ ಐರನ್ನಿನ ಹಿಡಿಗೆ ಕೆಂಪು ಟೇಪು ಸುತ್ತಿದ್ದೇನೆ.